ಕ್ಯಾಸೆಟ್ ಹಂಚಿದವರ ಮುನಿಸು

ಮೆಟಾಲಿಕಾ ಬ್ಯಾಂಡಿನ ಐದನೆಯ ಆಲ್ಬಂ 1991ರ ಆಗಸ್ಟ್ 12ರಂದು ಹೊರಬಂತು. ಅದಕ್ಕೆ ಬ್ಯಾಂಡಿನ ಹೆಸರನ್ನೇ ಇಟ್ಟಿದ್ದರು. ಕವರು ಹೆಚ್ಚುಕಡಿಮೆ ಪೂರಾ ಕಪ್ಪಾಗಿದ್ದುದರಿಂದ ಜನರ ಬಾಯಲ್ಲಿ ‘ಬ್ಲ್ಯಾಕ್ ಆಲ್ಬಂ’ ಎಂದೇ ನಿಂತಿತು. ಮೊದಲ ವಾರ ಅಮೆರಿಕದಲ್ಲಿ ಸುಮಾರು 6 ಲಕ್ಷ ಪ್ರತಿ ಖರ್ಚಾದವು. ಬಿಲ್‌ಬೋರ್ಡ್ ಪಟ್ಟಿಯ ನೆತ್ತಿಯ ಮೇಲೆ ಅದು ನಾಲ್ಕು ವಾರ ಕೂತಿತು. 2014ರ ಹೊತ್ತಿಗೆ ಆ ಒಂದು ದೇಶದಲ್ಲೇ ಮಾರಾಟ 1 ಕೋಟಿ 60 ಲಕ್ಷ ದಾಟಿತ್ತು. ಇಷ್ಟು ದೊಡ್ಡ ಗೆಲುವಿನ ಬೆನ್ನಿಗೇ ಒಂದು ಬೈಗುಳವೂ ಬಂತು: ಇವರು ತಮ್ಮನ್ನು ಮಾರಿಕೊಂಡರು. ಹಾಗೆ ಬೈದವರು ಎಂಟು ವರ್ಷ ಈ ಬ್ಯಾಂಡಿನ ಹೆಸರನ್ನು ಎದೆಯ ಮೇಲೆ, ಜಾಕೆಟ್ಟಿನ ಬೆನ್ನಿನ ಮೇಲೆ ಹೊತ್ತು ತಿರುಗಿದ ಅಭಿಮಾನಿಗಳು. ಈ ಸಿಟ್ಟಿಗೆ ಸಾಮಾನ್ಯವಾಗಿ ಕೊಡುವ ಕಾರಣ ಸಂಗೀತದ್ದು. ವೇಗ ತಗ್ಗಿತು, ಹಾಡು ಗಿಡ್ಡವಾಯಿತು, ರೇಡಿಯೊಗೆ ಒಗ್ಗಲೆಂದು ಒರಟನ್ನೆಲ್ಲ ತೀಡಿಬಿಟ್ಟರು, ಹಾಗಾಗಿ ಹಳಬರಿಗೆ ಸೇರಲಿಲ್ಲ ಎನ್ನುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಭಿಮಾನಿಗಳ ದೂರುಗಳನ್ನು ಇಸವಿಯ ಪ್ರಕಾರ ಜೋಡಿಸಿ ನೋಡಿದರೆ ಅವು ಸಂಗೀತ ಬದಲಾದ ಗಳಿಗೆಗಳಿಗೆ ಸರಿಯಾಗಿ ತಾಳೆಯಾಗುವುದಿಲ್ಲ. ಹಾಡನ್ನು ಊರಿಂದೂರಿಗೆ ಮುಟ್ಟಿಸುವ ಕೆಲಸ ಕೇಳುಗರ ಕೈತಪ್ಪಿದ ಒಂದೊಂದು ಹಂತಕ್ಕೂ ಮಾತ್ರ ಚೆನ್ನಾಗಿ ತಾಳೆಯಾಗುತ್ತವೆ. ‘ಮಾರಿಕೊಂಡರು’ ಎಂಬ ಕೂಗು ನನ್ನ ಲೆಕ್ಕದಲ್ಲಿ ಕೆಲಸ ಕಳೆದುಕೊಂಡವರ ಕೂಗು.

ಆ ಕೆಲಸ ಎಂಥದಾಗಿತ್ತು ಎಂಬುದಕ್ಕೆ 1980ರ ದಶಕದ ಆರಂಭಕ್ಕೆ ಹೋಗಬೇಕು. ಬ್ರಿಟನ್ನಿನಲ್ಲಿ ಆಗ ಹೆವಿ ಮೆಟಲ್‌ನ ಹೊಸ ಅಲೆ ಎದ್ದಿತ್ತು. ಅಮೆರಿಕದ ರೇಡಿಯೊಗಳಿಗೆ ಅದು ಬೇಕಿರಲಿಲ್ಲ, ಹೆಚ್ಚಿನ ಅಂಗಡಿಗಳಿಗೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದಷ್ಟು ಹುಡುಗರಿಗೆ. ಅವರು ಬ್ರಿಟನ್ನಿನಿಂದ ತರಿಸಿಕೊಂಡ ರೆಕಾರ್ಡನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು ಅಂಚೆಯಲ್ಲಿ ಇನ್ನೊಂದು ಊರಿಗೆ ಕಳಿಸುತ್ತಿದ್ದರು. ಅಲ್ಲಿಂದ ಬದಲಿಗೆ ಮತ್ತೊಂದು ಕ್ಯಾಸೆಟ್ ಬರುತ್ತಿತ್ತು. ಹಣದ ಮಾತಿಲ್ಲ. ಯಾರ ಬಳಿ ಏನಿದೆ ಎಂಬ ಪಟ್ಟಿ ಕೈಬರಹದಲ್ಲಿ ಓಡಾಡುತ್ತಿತ್ತು. ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ಟೇಪಿನ ಸುಯ್ ಸದ್ದು ದಪ್ಪವಾಗಿ, ಸಿಂಬಲ್ಲುಗಳ ಹೊಳಪು ಮಾಯವಾಗಿ, ನಾಲ್ಕನೆಯ ಐದನೆಯ ಕೈಗೆ ಬರುವಷ್ಟರಲ್ಲಿ ಹಾಡು ಕಂಬಳಿ ಹೊದ್ದುಕೊಂಡು ಹಾಡಿದ ಹಾಗಾಗುತ್ತಿತ್ತು. ಅದಕ್ಕೇ ಮೂಲಕ್ಕೆ ಹತ್ತಿರದ ಪ್ರತಿ ಇದ್ದವನಿಗೆ ಈ ವಲಯದಲ್ಲಿ ಭಾರಿ ಮರ್ಯಾದೆ. ಡೆನ್ಮಾರ್ಕಿನಿಂದ ಲಾಸ್ ಏಂಜಲೀಸಿಗೆ ಬಂದಿದ್ದ ಲಾರ್ಸ್ ಉಲ್ರಿಕ್ ಎಂಬ ಹದಿನೇಳರ ಹುಡುಗ ಇಂಥ ಸಂಗ್ರಾಹಕರಲ್ಲಿ ಒಬ್ಬ. 1981ರಲ್ಲಿ ಡೈಮಂಡ್ ಹೆಡ್ ಎಂಬ ಬ್ಯಾಂಡನ್ನು ನೋಡಲೆಂದೇ ಬ್ರಿಟನ್ನಿಗೆ ಹೋಗಿದ್ದವನು, ಅದೇ ವರ್ಷ ಪತ್ರಿಕೆಯ ಜಾಹೀರಾತೊಂದರ ಮೂಲಕ ಜೇಮ್ಸ್ ಹೆಟ್‌ಫೀಲ್ಡ್ ಜೊತೆ ಸೇರಿ ಬ್ಯಾಂಡ್ ಕಟ್ಟಿದ. ಬ್ಯಾಂಡಿನ ಹೆಸರೂ ಈ ವಲಯದ್ದೇ: ಸ್ಯಾನ್ ಫ್ರಾನ್ಸಿಸ್ಕೊದ ರಾನ್ ಕ್ವಿಂಟಾನಾ ತಾವು ತರಲಿದ್ದ ಅಭಿಮಾನಿ ಪತ್ರಿಕೆಗೆ ಹೆಸರು ಹುಡುಕುತ್ತಿದ್ದಾಗ ಪಟ್ಟಿಯಲ್ಲಿದ್ದ ‘ಮೆಟಾಲಿಕಾ’ವನ್ನು ಉಲ್ರಿಕ್ ತನಗೆ ಇಟ್ಟುಕೊಂಡು, ಅವರಿಗೆ ‘ಮೆಟಲ್ ಮೇನಿಯಾ’ವನ್ನು ಬಿಟ್ಟುಕೊಟ್ಟ.

1982ರಲ್ಲಿ ಬ್ಯಾಂಡು ಏಳು ಹಾಡುಗಳ ಒಂದು ಡೆಮೊ ಕ್ಯಾಸೆಟ್ ಮಾಡಿತು, ‘ನೋ ಲೈಫ್ ಟಿಲ್ ಲೆದರ್’. ಅದನ್ನು ಯಾವ ಕಂಪನಿಯೂ ಹಂಚಲಿಲ್ಲ. ಅಂಚೆಯಲ್ಲಿ ಕ್ಯಾಸೆಟ್ ಬದಲಾಯಿಸಿಕೊಳ್ಳುತ್ತಿದ್ದವರೇ ಅದನ್ನು ಪ್ರತಿ ಮಾಡಿ ದೇಶದ ಆಚೆ ದಡಕ್ಕೂ ಯುರೋಪಿಗೂ ದಾಟಿಸಿದರು. ನ್ಯೂಜೆರ್ಸಿಯ ಹಳೇ ಸಾಮಾನಿನ ಸಂತೆಯಲ್ಲಿ ರೆಕಾರ್ಡಿನ ಅಂಗಡಿ ಇಟ್ಟುಕೊಂಡಿದ್ದ ಜಾನ್ ಮತ್ತು ಮಾರ್ಷಾ ಜಾಜುಲಾ ದಂಪತಿಯ ಕೈಗೆ ಅದರ ಒಂದು ಪ್ರತಿ ಸಿಕ್ಕಿತು. ಅವರು ಪ್ರಯಾಣಕ್ಕೆ 1,500 ಡಾಲರ್ ಕಳಿಸಿ ಹುಡುಗರನ್ನು ಕ್ಯಾಲಿಫೋರ್ನಿಯಾದಿಂದ ಕರೆಸಿಕೊಂಡರು. ಒಂದು ದೊಡ್ಡ ಕಂಪನಿಯೂ ಬಾಗಿಲು ತೆರೆಯದಿದ್ದಾಗ ತಾವೇ ಮೆಗಾಫೋರ್ಸ್ ಎಂಬ ಲೇಬಲ್ ತೆಗೆದು 1983ರ ಜುಲೈನಲ್ಲಿ ಮೊದಲ ಆಲ್ಬಂ ‘ಕಿಲ್ ದೆಮ್ ಆಲ್’ ತಂದರು. ಇಲ್ಲಿ ಗಮನಿಸಬೇಕಾದ್ದು ದುಡ್ಡಿನ ಹಾದಿ. ಕೇಳುಗ, ಪ್ರತಿಕಾರ, ವಿಮರ್ಶಕ, ಅಂಗಡಿಯವ, ಕೊನೆಗೆ ಕಂಪನಿಯ ಮಾಲೀಕ, ಎಲ್ಲರೂ ಅಭಿಮಾನಿಗಳೇ. ಬ್ಯಾಂಡಿನವರೂ ಅವರೊಳಗಿನವರೇ. ಇಂಥ ಜಾಗದಲ್ಲಿ ‘ನಮ್ಮ ಬ್ಯಾಂಡ್’ ಅನ್ನುವುದು ಬರೀ ಪ್ರೀತಿಯ ಮಾತಾಗಿ ಉಳಿಯುವುದಿಲ್ಲ, ಪಾಲುದಾರನ ಹಕ್ಕಿನ ಮಾತೂ ಆಗುತ್ತದೆ.

ಈಗ ದೂರುಗಳ ಕಡೆ ಬರೋಣ. ನನ್ನ ವಾದಕ್ಕೆ ಮೊದಲ ಏಟು ಬೀಳುವುದೂ ಇಲ್ಲೇ. ಮಾರಿಕೊಂಡರು ಎಂಬ ಆರೋಪವನ್ನು ಮೆಟಾಲಿಕಾ ಮೊದಲು ಕೇಳಿದ್ದು 1991ರಲ್ಲಲ್ಲ, 1984ರಲ್ಲಿ. ಎರಡನೆಯ ಆಲ್ಬಂ ‘ರೈಡ್ ದ ಲೈಟ್ನಿಂಗ್’ನಲ್ಲಿದ್ದ ‘ಫೇಡ್ ಟು ಬ್ಲ್ಯಾಕ್’ ಅಕೂಸ್ಟಿಕ್ ಗಿಟಾರಿನ ಮೆಲುನುಡಿಯಿಂದ ಶುರುವಾಗುತ್ತದೆ. ಸಾಯುವ ಮನಸ್ಸಾದವನ ಹಾಡು ಅದು. ವೇಗವೇ ಧರ್ಮ ಎಂದುಕೊಂಡಿದ್ದ, ಥ್ರ್ಯಾಷ್ ಎಂಬ ಬಿರುಸಿನ ಮೆಟಲ್‌ನ ಅಭಿಮಾನಿಗಳಲ್ಲಿ ಕೆಲವರು ಇದು ನಮ್ಮದಲ್ಲ ಎಂದರು. ಆಲ್ಬಂ ಮೊದಲು ಬಂದದ್ದು ಅದೇ ಸಂತೆಯ ದಂಪತಿಯ ಪುಟ್ಟ ಲೇಬಲ್ಲಿನಿಂದ, ರೇಡಿಯೊದ ನೆರವು ಹಾಡಿಗೆ ಹೆಚ್ಚುಕಡಿಮೆ ಇರಲಿಲ್ಲ. ಹಾಗಿದ್ದರೆ ಇದು ಶುದ್ಧ ಸಂಗೀತದ ತಕರಾರೇ ಅಲ್ಲವೇ? ಹೌದು. ಆದರೆ ಆ ತಕರಾರು ಮುಂದೇನಾಯಿತು ಎಂದು ನೋಡಿ. ಒಂದೆರಡು ವರ್ಷಗಳಲ್ಲಿ ಅದೇ ಹಾಡು ಕಛೇರಿಗಳಲ್ಲಿ ಜನ ಬೇಡಿ ಕೇಳುವ ಹಾಡಾಯಿತು. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಶುರುವಾಗುವುದೂ ಅಕೂಸ್ಟಿಕ್ ಗಿಟಾರಿನಿಂದ, ನಡುವೆ ನಿಧಾನದ ಹಾಡೂ ಇದೆ. ಆದರೂ ಅದನ್ನು ಇಂದಿಗೂ ಹಳೆಯ ಅಭಿಮಾನಿಗಳು ಶಿಖರ ಎನ್ನುತ್ತಾರೆ. ಅಷ್ಟರಲ್ಲಿ ಬ್ಯಾಂಡು ಎಲೆಕ್ಟ್ರಾ ಎಂಬ ದೊಡ್ಡ ಕಂಪನಿಗೆ ಸೇರಿಯಾಗಿತ್ತು. ಅಂದರೆ ಸಂಗೀತದ ಬಗೆಗಿನ ದೂರು ಕಿವಿ ಒಗ್ಗಿದಂತೆ ಕರಗುತ್ತದೆ. ಕರಗದೆ ಉಳಿಯುವ ದೂರು ಬೇರೆ ಜಾತಿಯದು.

1984ರಿಂದ 1988ರವರೆಗೆ, ದೊಡ್ಡ ಕಂಪನಿಯ ಒಳಗಿದ್ದೂ, ಮೆಟಾಲಿಕಾ ಹಳೆಯ ಒಪ್ಪಂದವನ್ನು ಬಹಳ ಜಾಗ್ರತೆಯಿಂದ ಕಾಪಾಡಿಕೊಂಡಿತ್ತು. ವಿಡಿಯೊ ಮಾಡುವುದಿಲ್ಲ ಎಂಬುದು ಅವರ ಪಟ್ಟು. ‘ಮಾಸ್ಟರ್ ಆಫ್ ಪಪೆಟ್ಸ್’ ರೇಡಿಯೊದ ನೆರವು ಹೆಚ್ಚುಕಡಿಮೆ ಇಲ್ಲದೆಯೇ 5 ಲಕ್ಷ ಪ್ರತಿಯ ಗೋಲ್ಡ್ ಗೌರವ ಪಡೆಯಿತು. ಆ ವರ್ಷ ಹೆವಿ ಮೆಟಲ್ ಗಾಯಕ ಆಜಿ ಆಸ್‌ಬರ್ನ್ ಅವರ ಕಛೇರಿಗಳಿಗೆ ಮುಂಚಿತವಾಗಿ ನುಡಿಸುತ್ತ ಊರೂರು ಸುತ್ತಿದ್ದು, ಕೇಳಿದವರು ಬಾಯಿಂದ ಬಾಯಿಗೆ ಹಬ್ಬಿಸಿದ್ದು ಇಷ್ಟೇ ಪ್ರಚಾರ. ಅದೇ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರಸ್ತೆಯಲ್ಲಿ ಬಸ್ಸು ಉರುಳಿ ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ತಂದ ‘ಕ್ಲಿಫ್ ದೆಮ್ ಆಲ್’ ಎಂಬ ವಿಡಿಯೊ ಕ್ಯಾಸೆಟ್ಟಿನಲ್ಲಿ ಬಹುಪಾಲು ಇದ್ದದ್ದು ಅಭಿಮಾನಿಗಳು ಕಛೇರಿಗಳಲ್ಲಿ ಕದ್ದು ತೆಗೆದ ಚಿತ್ರಗಳು. ನಡುಗುವ ಕ್ಯಾಮೆರಾ, ಮುಂದೆ ನಿಂತವರ ತಲೆಗಳು, ಒಡೆದ ಧ್ವನಿ, ಎಲ್ಲವನ್ನೂ ಹಾಗೇ ಬಿಟ್ಟು ಅಂಗಡಿಯಲ್ಲಿ ಇಟ್ಟರು. 1987ರಲ್ಲೇ ಬಂದ ಐದು ಹಾಡುಗಳ ಕಿರು ರೆಕಾರ್ಡಿಗೆ ಬೆಲೆಯನ್ನೇ ಹೆಸರಿನ ಭಾಗ ಮಾಡಿದರು: ‘ದ 5.98 ಡಾಲರ್ ಇಪಿ’. ಅಂಗಡಿಯವ ಅದಕ್ಕಿಂತ ಹೆಚ್ಚು ಕೇಳಿದರೆ ಕದ್ದುಕೊಂಡು ಹೋಗಿ ಎಂಬರ್ಥದ ಸ್ಟಿಕ್ಕರೂ ಕವರಿನ ಮೇಲಿತ್ತು. ಕೇಳುಗನ ಪರವಾಗಿ ಅಂಗಡಿಯ ವಿರುದ್ಧ ನಿಂತ ಬ್ಯಾಂಡು! ಹದಿಮೂರು ವರ್ಷದ ನಂತರ ಈ ಸ್ಟಿಕ್ಕರು ಅವರ ಗಂಟಲಿಗೆ ಸಿಕ್ಕಿಕೊಳ್ಳಲಿತ್ತು.

ಮೊದಲ ಬಿರುಕು ಬಿಟ್ಟದ್ದು 1989ರ ಜನವರಿಯಲ್ಲಿ. ಹಿಂದಿನ ವರ್ಷ ಬಂದಿದ್ದ ‘ಆಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ಮಿನ ‘ವನ್’ ಹಾಡಿಗೆ ವಿಡಿಯೊ ಮಾಡಿ ಎಂಟಿವಿ ಎಂಬ ಸಂಗೀತದ ಟೀವಿ ವಾಹಿನಿಗೆ ಕೊಟ್ಟರು. ಆ ಹಾಡನ್ನು ವ್ಯಾಪಾರಿ ಎನ್ನಲು ಬಾಯಿ ಬರುವುದಿಲ್ಲ. ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ನಾಲಿಗೆ ಎಲ್ಲ ಕಳೆದುಕೊಂಡು ಹಾಸಿಗೆಯಲ್ಲಿ ಬಿದ್ದಿರುವ ಸೈನಿಕ ಸಾವನ್ನು ಬೇಡುವ ಹಾಡು. ಏಳು ನಿಮಿಷಕ್ಕೂ ಮೀರಿದ್ದು. ಕೊನೆಯಲ್ಲಿ ಡ್ರಮ್ಸು ಮೆಷಿನ್‌ಗನ್ನಿನಂತೆ ಸಿಡಿಯುತ್ತದೆ. ವಿಡಿಯೊದಲ್ಲಿ ಡಾಲ್ಟನ್ ಟ್ರಂಬೊ ಅವರ 1971ರ ‘ಜಾನಿ ಗಾಟ್ ಹಿಸ್ ಗನ್’ ಚಿತ್ರದ ಕಪ್ಪುಬಿಳುಪು ದೃಶ್ಯಗಳು. ಟೀವಿಯ ಮುಂದೆ ಕೂತವರನ್ನು ಖುಷಿಪಡಿಸುವ ಒಂದು ಗುಣವೂ ಅದರಲ್ಲಿಲ್ಲ. ಆದರೂ ಹಳಬರಲ್ಲಿ ಗುಸುಗುಸು ಎದ್ದಿತು, ಆಡಿದ ಮಾತಿಗೆ ತಪ್ಪಿದರು ಎಂದು. ಹಾಡು ಬದಲಾಗಿರಲಿಲ್ಲ, ಹಾಡು ಮನೆಗೆ ಬರುವ ದಾರಿ ಬದಲಾಗಿತ್ತು. ಇಲ್ಲಿಯವರೆಗೆ ಮೆಟಾಲಿಕಾವನ್ನು ಹೊಸಬನಿಗೆ ಪರಿಚಯಿಸುವವನು ಅಣ್ಣನೋ ಸಹಪಾಠಿಯೋ ಆಗಿರುತ್ತಿದ್ದ. ಇನ್ನು ಮೇಲೆ ಟೀವಿ.

ಆಮೇಲಿನದು ಬ್ಲ್ಯಾಕ್ ಆಲ್ಬಮ್ಮಿನ ತಯಾರಿ. ಇದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು, ಸಂಗೀತ ಬದಲಾಗಲಿಲ್ಲ ಎಂದು ಸಾಧಿಸುವ ಹಟ ನನಗಿಲ್ಲ. 1990ರ ಅಕ್ಟೋಬರಿನಿಂದ 1991ರ ಜೂನ್‌ವರೆಗೆ ಲಾಸ್ ಏಂಜಲೀಸಿನ ಒನ್ ಆನ್ ಒನ್ ಸ್ಟುಡಿಯೊದಲ್ಲಿ ಕೆಲಸ ನಡೆಯಿತು. ನಿರ್ಮಾಪಕ ಬಾಬ್ ರಾಕ್. ಈ ಹೆಸರೇ ಸಾಕಿತ್ತು ಅಭಿಮಾನಿಗಳ ಹುಬ್ಬು ಗಂಟಿಕ್ಕಲು, ಏಕೆಂದರೆ ಅವರು ಮಾಟ್ಲಿ ಕ್ರೂ ಬ್ಯಾಂಡಿನ ‘ಡಾಕ್ಟರ್ ಫೀಲ್‌ಗುಡ್’ ಮಾಡಿದವರು. ಥ್ರ್ಯಾಷ್ ಹುಡುಗರ ಕಣ್ಣಲ್ಲಿ ಮಾಟ್ಲಿ ಕ್ರೂ ಅಂದರೆ ಲಿಪ್‌ಸ್ಟಿಕ್ ಬಳಿದುಕೊಂಡ ಶತ್ರುಪಕ್ಷ. ಹಿಂದಿನ ಆಲ್ಬಮ್ಮಿನಲ್ಲಿ ಒಂಬತ್ತು ನಿಮಿಷ ದಾಟಿದ ಹಾಡು ಎರಡಿದ್ದವು. ಕಛೇರಿಯಲ್ಲಿ ಅಂಥದ್ದನ್ನು ನುಡಿಸುವಾಗ ಮುಂದಿನ ಸಾಲಿನವರೂ ಆಕಳಿಸುವುದನ್ನು ಕಂಡೆವು ಎಂದು ಬ್ಯಾಂಡಿನವರು ಆಮೇಲೆ ಹೇಳಿಕೊಂಡಿದ್ದಾರೆ. ಬರ್ಟನ್ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಅದರಲ್ಲಿ ಕಿವಿಗೆ ಬೀಳುತ್ತಲೇ ಇರಲಿಲ್ಲ. ಬಾಬ್ ರಾಕ್ ಬೇಸನ್ನು ಮೇಲಕ್ಕೆತ್ತಿದರು, ನಾಲ್ವರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿ ಒಟ್ಟಿಗೆ ನುಡಿಸಿದರು, ಹೆಟ್‌ಫೀಲ್ಡ್ ಅವರನ್ನು ಕಿರಿಚುವುದರಿಂದ ಹಾಡುವುದಕ್ಕೆ ತಂದರು. ‘ಎಂಟರ್ ಸ್ಯಾಂಡ್‌ಮನ್’ನ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಗಿಟಾರಿನ ವರಸೆ, ಬ್ಯಾಂಡಿನ ಗಿಟಾರುಗಾರ ಕರ್ಕ್ ಹ್ಯಾಮೆಟ್ ಕಟ್ಟಿದ್ದು, ಅದರ ಮೊದಲ ತುಣುಕನ್ನು ಮೂರು ಸಲ ನುಡಿಸಿ ಆಮೇಲೆ ಮುಂದಿನದಕ್ಕೆ ಹೋಗೋಣ ಎಂದವರು ಡ್ರಮ್ಸಿನ ಉಲ್ರಿಕ್. ಆ ಪುನರಾವರ್ತನೆಯಲ್ಲಿದೆ ಹಾಡಿನ ಗುಟ್ಟು. ಹಿಂದಿನ ಮೆಟಾಲಿಕಾ ಒಂದು ರಿಫ್ಫನ್ನು ಕೇಳುಗ ಹಿಡಿಯುವಷ್ಟರಲ್ಲಿ ಇನ್ನೊಂದಕ್ಕೆ ಜಿಗಿಯುತ್ತಿತ್ತು, ಇಲ್ಲಿ ಒಂದನ್ನೇ ಕಿವಿಯೊಳಗೆ ಜಡಿಯುತ್ತದೆ. ಈ ಹಾಡಿನ ಮೊದಲ ಕರಡು ತೊಟ್ಟಿಲಲ್ಲೇ ಸಾಯುವ ಶಿಶುವಿನ ಬಗ್ಗೆ ಇತ್ತು. ರಾಕ್ ಒತ್ತಾಯಿಸಿದ ಮೇಲೆ ಅದು ಮಕ್ಕಳ ಕೆಟ್ಟ ಕನಸಿನ ಹಾಡಾಯಿತು. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ಗಂತೂ ಸಂಯೋಜಕ ಮೈಕೆಲ್ ಕೇಮನ್ ವಾದ್ಯವೃಂದವನ್ನೇ ಕೂಡಿಸಿಕೊಟ್ಟರು, ಅದು ಹೆಟ್‌ಫೀಲ್ಡ್ ಪ್ರೇಯಸಿಯ ನೆನಪಲ್ಲಿ ಬರೆದ ಹಾಡು. ಆಲ್ಬಮ್ಮನ್ನು ಮೂರು ಸಲ ಮಿಕ್ಸ್ ಮಾಡಿ, ಸುಮಾರು 10 ಲಕ್ಷ ಡಾಲರ್ ಸುರಿದು ಮುಗಿಸಿದರು.

ಇಷ್ಟೆಲ್ಲ ಬದಲಾದ ಮೇಲೆ ಅಭಿಮಾನಿಗಳ ಸಿಟ್ಟಿಗೆ ಬೇರೆ ಕಾರಣ ಏಕೆ ಹುಡುಕಬೇಕು ಎಂದು ಯಾರಾದರೂ ಕೇಳಿಯಾರು. ಉತ್ತರಕ್ಕೆ ಪಕ್ಕದ ಇನ್ನೊಂದು ಥ್ರ್ಯಾಷ್ ಬ್ಯಾಂಡನ್ನು ನೋಡಬಹುದು. ಸ್ಲೇಯರ್ 1986ರಲ್ಲಿ ಹೆಚ್ಚುಕಡಿಮೆ 29 ನಿಮಿಷದಲ್ಲಿ ಮುಗಿದುಹೋಗುವ ‘ರೇನ್ ಇನ್ ಬ್ಲಡ್’ ತಂದಿತ್ತು, ವೇಗದಲ್ಲಿ ಅದನ್ನು ಮೀರಿಸುವುದು ಸಾಧ್ಯವೇ ಇಲ್ಲ ಎಂಬಂತೆ. ಅದು ಬಂದದ್ದು ರ‍್ಯಾಪ್ ಸಂಗೀತದ ಡೆಫ್ ಜ್ಯಾಮ್ ಕಂಪನಿಯಿಂದ. ಎರಡು ವರ್ಷದ ಮೇಲೆ ‘ಸೌತ್ ಆಫ್ ಹೆವನ್’ನಲ್ಲಿ ಬೇಕೆಂದೇ ವೇಗವನ್ನು ಇಳಿಸಿದರು, ಮೆಲುದನಿಯಲ್ಲೂ ಹಾಡಿದರು. ಬೇಸರಪಟ್ಟವರಿದ್ದರು, ಬ್ಯಾಂಡಿನವರಲ್ಲೇ ಇದ್ದರು. ಆದರೆ ಮಾರಿಕೊಂಡರು ಎಂಬ ಹಣೆಪಟ್ಟಿ ಸ್ಲೇಯರ್‌ಗೆ ಅಂಟಲಿಲ್ಲ. ವೇಗ ಇಳಿಸಿದ್ದೇ ದ್ರೋಹವಾಗಿದ್ದರೆ ಅಂಟಬೇಕಿತ್ತು. ಇನ್ನು ‘ಆಂಡ್ ಜಸ್ಟಿಸ್ ಫಾರ್ ಆಲ್’ನ ಬೇಸ್ ಕಾಣೆಯಾದದ್ದಕ್ಕೆ ಅಭಿಮಾನಿಗಳು ಮೂವತ್ತಕ್ಕೂ ಮಿಕ್ಕಿದ ವರ್ಷಗಳಿಂದ ಗೊಣಗುತ್ತಲೇ ಇದ್ದಾರೆ, ಅದೊಂದು ಸಂಗೀತದ ದೋಷವೆಂಬುದರಲ್ಲಿ ಎರಡು ಮಾತಿಲ್ಲ, ಅದಕ್ಕಾಗಿ ಯಾರೂ ಬ್ಯಾಂಡಿನ ನೀತಿಯನ್ನು ಪ್ರಶ್ನಿಸಲಿಲ್ಲ. ಬ್ಲ್ಯಾಕ್ ಆಲ್ಬಮ್ಮಿನ ಧ್ವನಿ ಅದಕ್ಕಿಂತ ಎಷ್ಟೋ ಚೆನ್ನಾಗಿದೆ. ನೀತಿಯ ಪ್ರಶ್ನೆ ಎದ್ದದ್ದು ಇದರ ಮೇಲೆ.

ಏಕೆಂದರೆ 1991ರಲ್ಲಿ ಹಂಚುವ ಕೆಲಸ ಪೂರ್ತಿಯಾಗಿ ಕೈಬದಲಾಯಿತು. ಬಿಡುಗಡೆಗೆ ಮುಂಚೆ ಆಗಸ್ಟ್ 3ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸಾವಿರಾರು ಅಭಿಮಾನಿಗಳನ್ನು ಪುಕ್ಕಟೆಯಾಗಿ ಕರೆದು ಕೂರಿಸಿ ಆಲ್ಬಮ್ಮನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು. ಬ್ಯಾಂಡು ವೇದಿಕೆಯ ಮೇಲೆ ನುಡಿಸಿದ್ದಲ್ಲ, ರೆಕಾರ್ಡು ಹಾಕಿದ್ದು. ಹತ್ತು ವರ್ಷ ಹಿಂದೆ ಒಬ್ಬ ಹುಡುಗ ಇನ್ನೊಬ್ಬನಿಗೆ ಅಂಚೆಯಲ್ಲಿ ಮಾಡುತ್ತಿದ್ದ ಕೆಲಸ ಇದೇ, ಈಗ ಕಂಪನಿ ಕ್ರೀಡಾಂಗಣದ ಅಳತೆಯಲ್ಲಿ ಮಾಡಿತು. ಎಂಟಿವಿಯಲ್ಲಿ ‘ಎಂಟರ್ ಸ್ಯಾಂಡ್‌ಮನ್’ ಮತ್ತೆ ಮತ್ತೆ ಬಂತು. ಅದೇ ವರ್ಷದ ಮೇ ತಿಂಗಳಿಂದ ಬಿಲ್‌ಬೋರ್ಡ್ ಪಟ್ಟಿ ಅಂಗಡಿಯವರ ಅಂದಾಜನ್ನು ಬಿಟ್ಟು ಸೌಂಡ್‌ಸ್ಕ್ಯಾನ್ ಮೂಲಕ ಕ್ಯಾಶ್ ಕೌಂಟರಿನ ಬಾರ್‌ಕೋಡನ್ನು ಲೆಕ್ಕಕ್ಕೆ ಹಿಡಿದಿತ್ತು. ಇದರಿಂದ ಮೆಟಲ್ ಸಂಗೀತಕ್ಕೆ ಲಾಭವೇ ಆಯಿತು, ಎಷ್ಟು ಮಾರುತ್ತದೆ ಎಂಬುದು ಮೊದಲ ಸಲ ಖಚಿತವಾಗಿ ಕಾಣಿಸಿತು. ಆದರೆ ಆ ಲೆಕ್ಕದಲ್ಲಿ ಪ್ರತಿ ಮಾಡಿ ಹಂಚಿದವನಿಗೆ ಜಾಗವೇ ಇಲ್ಲ. ಬಾರ್‌ಕೋಡಿನ ಮುಂದೆ ಹಳೆಯ ಅಭಿಮಾನಿಯೂ ನಿನ್ನೆ ಟೀವಿಯಲ್ಲಿ ನೋಡಿ ಬಂದವನೂ ಒಂದೇ: ಇಬ್ಬರೂ ಗಿರಾಕಿಗಳು.

ಇಲ್ಲಿ ಇನ್ನೊಂದು ಆಕ್ಷೇಪಣೆ ಇದೆ, ಮೊದಲಿನದಕ್ಕಿಂತ ಗಟ್ಟಿಯಾದದ್ದು. ಹಿಂದಿನ ಆಲ್ಬಮ್ಮೇ ಬಿಲ್‌ಬೋರ್ಡಿನ ಆರನೆಯ ಸ್ಥಾನ ಮುಟ್ಟಿ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಿತ್ತು. ಅದನ್ನು ಕೊಂಡವರಲ್ಲಿ ಅಂಚೆಯಲ್ಲಿ ಕ್ಯಾಸೆಟ್ ಕಳಿಸಿದವರು ಎಷ್ಟಿದ್ದಾರು? ಬೆರಳೆಣಿಕೆಯ ಪಾಲು. 1991ರಲ್ಲಿ ಮುನಿಸಿಕೊಂಡ ಬಹುತೇಕರು ತಾವೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಬ್ಯಾಂಡನ್ನು ಸೇರಿದವರೇ, ಅವರು ಕಳೆದುಕೊಳ್ಳಲು ಯಾವ ಕೆಲಸವಿತ್ತು? ಮಾತು ಸರಿಯಾಗಿದೆ, ಆದರೆ ಒಂದು ಸಂಗತಿ ಬಿಟ್ಟುಹೋಗಿದೆ. ಒಂದು ಗುಂಪು ಯಾವ ಭಾಷೆಯಲ್ಲಿ ದೂರುತ್ತದೆ ಎಂಬುದನ್ನು ಮೊದಲು ಬಂದವರು ನಿಗದಿ ಮಾಡುತ್ತಾರೆ. ಅಭಿಮಾನಿ ಪತ್ರಿಕೆಗಳನ್ನು ಜೆರಾಕ್ಸ್ ಮಾಡಿ ಹಂಚಿದವರು, ವಾಚಕರ ವಾಣಿಗೆ ಬರೆದವರು, ಕಛೇರಿಯ ಸಾಲಿನಲ್ಲಿ ಹೊಸಬರಿಗೆ ಪಾಠ ಹೇಳಿದವರು ಆ ಹಳೆಯ ಪ್ರತಿಕಾರರೇ. ಯಾವುದು ಅಸಲಿ, ಯಾವುದು ನಕಲಿ, ಯಾರನ್ನು ಪೋಸು ಕೊಡುವವನೆಂದು ಹೀಯಾಳಿಸಬೇಕು ಎಂಬ ನಿಘಂಟು ಅವರದು. 1988ರಲ್ಲಿ ಸೇರಿದವನೂ ಸೇರುವಾಗಲೇ ಆ ನಿಘಂಟನ್ನು ಕಲಿತು, 1991ರಲ್ಲಿ ಸೇರಿದವನ ಮೇಲೆ ಪ್ರಯೋಗಿಸಿದ. ಕಷ್ಟಪಟ್ಟು ಹುಡುಕಿಕೊಂಡದ್ದು ಎಂಬ ಹೆಮ್ಮೆಯಲ್ಲಿ ಅವನಿಗೂ ಒಂದು ಸಣ್ಣ ಪಾಲಿತ್ತು, ಯಾಕೆಂದರೆ ರೇಡಿಯೊ ಅವನಿಗೂ ಇದನ್ನು ತಟ್ಟೆಯಲ್ಲಿಟ್ಟು ಕೊಟ್ಟಿರಲಿಲ್ಲ. ಸುಮ್ಮನೆ ಹುಡುಗರ ಮೇಲರಿಮೆ ಎಂದು ತಳ್ಳಿಹಾಕುವವರಿಗೂ ನನ್ನ ಉತ್ತರ ಇದೇ: ಮೇಲರಿಮೆ ಇತ್ತು, ಆದರೆ ಅದು ನಿಂತದ್ದು ನಿಜವಾಗಿ ಮಾಡಿದ ದುಡಿಮೆಯ ಮೇಲೆ.

ಮೆಟಾಲಿಕಾದ ಮುಂದಿನ ಆಲ್ಬಂ, 1996ರ ‘ಲೋಡ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಲ್ವರೂ ತಲೆಗೂದಲು ಕತ್ತರಿಸಿಕೊಂಡಿದ್ದರು, ಆಂಟನ್ ಕಾರ್ಬೈನ್ ತೆಗೆದ ಫೋಟೊಗಳಲ್ಲಿ ಕಣ್ಣಿಗೆ ಕಾಡಿಗೆಯೂ ಇತ್ತು. ಹಾಡಿಗಿಂತ ಕೂದಲಿನ ಮೇಲೆ ಹೆಚ್ಚು ಜಗಳ ನಡೆಯಿತು ಎಂಬುದೇ ನನ್ನ ವಾದಕ್ಕೆ ಸಾಕ್ಷಿ. ಉಳಿದ ಬ್ಯಾಂಡುಗಳ ಕಥೆಯೂ ಹೀಗೇ. ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್ 1988ರಲ್ಲಿ ‘ಕೋಲ್ಡ್ ಲೇಕ್’ ತಂದು ಅಲಂಕಾರದ ರಾಕ್‌ನತ್ತ ಹೊರಳಿದಾಗ ಹಳಬರು ಕೈಬಿಟ್ಟರು, ಹೊಸಬರು ಬರಲಿಲ್ಲ. ಬ್ಯಾಂಡಿನ ಮುಖ್ಯಸ್ಥರೇ ಆ ಆಲ್ಬಮ್ಮನ್ನು ಆಮೇಲೆ ತಮ್ಮದಲ್ಲ ಎಂಬಂತೆ ದೂರವಿಟ್ಟರು. ಮೆಟಾಲಿಕಾದಿಂದ 1983ರಲ್ಲೇ ಹೊರಬಿದ್ದು ಮೆಗಾಡೆತ್ ಕಟ್ಟಿದ್ದ ಡೇವ್ ಮಸ್ಟೇನ್ 1999ರಲ್ಲಿ ‘ರಿಸ್ಕ್’ ಎಂಬ ಮೆತ್ತಗಿನ ಆಲ್ಬಂ ತಂದು ಪೆಟ್ಟು ತಿಂದರು, ಬೇಗನೆ ಹಿಂದಕ್ಕೂ ಬಂದರು. ಅವೆರಡೂ ಸೋತವು, ಸೋತದ್ದರಿಂದ ಕ್ಷಮೆಯೂ ಸಿಕ್ಕಿತು. ಮೆಟಾಲಿಕಾ ಸೋಲಲಿಲ್ಲ.

ಹಳೆಯ ಒಪ್ಪಂದ ಮುರಿದದ್ದಕ್ಕೆ ಕಾಗದದ ದಾಖಲೆಯೇ ಸಿಕ್ಕಿದ್ದು 2000ದಲ್ಲಿ. ಬ್ಯಾಂಡಿನ ‘ಐ ಡಿಸಪಿಯರ್’ ಹಾಡಿನ ಅಪೂರ್ಣ ರೂಪ ಬಿಡುಗಡೆಗೆ ಮುನ್ನವೇ, ಇಂಟರ್ನೆಟ್ಟಿನಲ್ಲಿ ಜನ ಹಾಡು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್‌ನಲ್ಲಿ ಓಡಾಡಿ ರೇಡಿಯೊ ಕೇಂದ್ರಗಳಿಗೂ ಮುಟ್ಟಿತು. ಏಪ್ರಿಲ್‌ನಲ್ಲಿ ಬ್ಯಾಂಡು ಮೊಕದ್ದಮೆ ಹೂಡಿತು. ಮೇ 3ರಂದು ಉಲ್ರಿಕ್ ಖುದ್ದಾಗಿ ಸ್ಯಾನ್ ಮಟೇಯೊದ ನ್ಯಾಪ್‌ಸ್ಟರ್ ಕಚೇರಿಗೆ ಹೋಗಿ ತಮ್ಮ ಹಾಡು ಹಂಚಿಕೊಂಡ 3,35,435 ಬಳಕೆದಾರರ ಹೆಸರುಗಳ ಪೆಟ್ಟಿಗೆಗಳನ್ನು ಇಳಿಸಿದರು. ಹೊರಗೆ ನಿಂತಿದ್ದ ಅಭಿಮಾನಿಗಳು ಅವರನ್ನು ಮುಖದ ಮೇಲೇ ಬೈದರು. ಕೇಳುಗರು ಪ್ರತಿ ಮಾಡಿ ಹಂಚಿದ್ದರಿಂದ ಹುಟ್ಟಿದ ಬ್ಯಾಂಡು, ಅಂಗಡಿಯವ ಹೆಚ್ಚು ಕೇಳಿದರೆ ಕದಿಯಿರಿ ಎಂದು ಸ್ಟಿಕ್ಕರ್ ಅಂಟಿಸಿದ್ದ ಬ್ಯಾಂಡು, ಈಗ ಪ್ರತಿ ಮಾಡಿ ಹಂಚಿದವರ ಹಾಜರಿ ಪಟ್ಟಿ ಹಿಡಿದು ನಿಂತಿತ್ತು. ಉಲ್ರಿಕ್ ಅವರಿಗೂ ಒಂದು ವಾದವಿತ್ತು, ಅದು ಹುರುಳಿಲ್ಲದ್ದಲ್ಲ. ಕಛೇರಿಗಳನ್ನು ಧ್ವನಿಮುದ್ರಿಸಿಕೊಳ್ಳಲು ನಾವು ಅಭಿಮಾನಿಗಳಿಗೆ ಬಿಟ್ಟಿದ್ದೇವೆ, ಇನ್ನೂ ಮುಗಿಯದ ಹಾಡನ್ನು ಒಂದು ಕಂಪನಿ ಹೂಡಿಕೆದಾರರ ದುಡ್ಡಿನಲ್ಲಿ ಜಗತ್ತಿಗೆ ಹಂಚುವುದು ಬೇರೆ ಎಂಬ ಧಾಟಿಯದು. ನಾಲ್ಕನೆಯ ಕೈಯ ಕ್ಯಾಸೆಟ್ಟಿಗೂ ಸವೆಯದ ಡಿಜಿಟಲ್ ಪ್ರತಿಗೂ ವ್ಯತ್ಯಾಸ ಇದ್ದೇ ಇದೆ. ಕ್ಯಾಸೆಟ್ಟಿನ ಸುಯ್ ಸದ್ದೇ ಅಸಲಿಯನ್ನು ಕೊಳ್ಳುವ ಆಸೆ ಹುಟ್ಟಿಸುತ್ತಿತ್ತು. ಡಿಜಿಟಲ್ ಪ್ರತಿ ಆ ಆಸೆಯನ್ನು ಉಳಿಸುವುದಿಲ್ಲ. ವಾದ ಗೆಲ್ಲುವಂಥದ್ದು. ಆದರೆ ವಾದ ಮಾಡಬೇಕಾಗಿ ಬಂದ ಜಾಗವೇ ಅಭಿಮಾನಿಗಳ ಹಳೆಯ ದೂರನ್ನು ನಿಜ ಮಾಡಿಬಿಟ್ಟಿತು.

ಬ್ಯಾಂಡಿನ ಕಡೆಯಿಂದ ಹೇಳಬೇಕಾದ ಇನ್ನೊಂದು ಮಾತಿದೆ, ಅದನ್ನು ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1994ರಲ್ಲಿ ಮೆಟಾಲಿಕಾ ಎಲೆಕ್ಟ್ರಾ ವಿರುದ್ಧವೇ ನ್ಯಾಯಾಲಯಕ್ಕೆ ಹೋಗಿ, ವರ್ಷ ಮುಗಿಯುವುದರೊಳಗೆ ಹೊಸ ಕರಾರು ಪಡೆಯಿತು. ಅದರ ಫಲವಾಗಿ ತಮ್ಮ ಮೂಲ ಧ್ವನಿಮುದ್ರಿಕೆಗಳ ಒಡೆತನ ಮುಂದೆ ಅವರ ಕೈಗೇ ಬಂತು, 2012ರಲ್ಲಿ ಬ್ಲ್ಯಾಕನ್ಡ್ ರೆಕಾರ್ಡಿಂಗ್ಸ್ ಎಂಬ ಸ್ವಂತ ಲೇಬಲ್ ತೆರೆದರು. ಕಂಪನಿಯನ್ನು ಹಾಗೆ ಬಗ್ಗಿಸುವ ತಾಕತ್ತು ಬಂದದ್ದು ಬ್ಲ್ಯಾಕ್ ಆಲ್ಬಮ್ಮಿನ ಮಾರಾಟದಿಂದ. ಲೆಕ್ಕಪತ್ರದ ಪ್ರಕಾರ ಹೇಳುವುದಾದರೆ, ಮಾರಿಕೊಂಡರು ಎಂದು ಬೈಸಿಕೊಂಡ ಆಲ್ಬಮ್ಮಿನಿಂದ ಅವರು ತಮ್ಮನ್ನು ಕೊಂಡುಕೊಂಡರು. ಹಾಗೆಂದು ಹಳಬರ ನಷ್ಟ ಸುಳ್ಳಾಗುವುದಿಲ್ಲ. ಒಡೆತನ ಮರಳಿದ್ದು ಬ್ಯಾಂಡಿಗೆ, ಹಂಚಿದವರಿಗಲ್ಲ. ಅವರ ಪಾಲು ಯಾವ ಕರಾರಿನಲ್ಲೂ ಬರೆದಿರಲಿಲ್ಲ.

ಕರ್ನಾಟಕಕ್ಕೆ ಈ ಕಥೆ ತಲೆಕೆಳಗಾಗಿ ಬಂತು. ಬ್ಲ್ಯಾಕ್ ಆಲ್ಬಂ ಹೊರಬಿದ್ದದ್ದು ಭಾರತದ ಮಾರುಕಟ್ಟೆ ತೆರೆದುಕೊಂಡ ತಿಂಗಳುಗಳಲ್ಲಿ; ಸ್ಟಾರ್ ಟೀವಿ ಎಂಟಿವಿಯನ್ನು ಏಷ್ಯಾದ ಆಕಾಶಕ್ಕೆ ತಂದದ್ದೂ 1991ರಲ್ಲೇ. ಅಮೆರಿಕದ ಹಳಬರು ಯಾವ ಬಾಗಿಲನ್ನು ದ್ರೋಹ ಎಂದು ಕರೆದರೋ ಬೆಂಗಳೂರಿನ ಅನೇಕ ಕೇಳುಗರು ಒಳಗೆ ಬಂದದ್ದು ಆ ಬಾಗಿಲಿನಿಂದ. ಅವರಿಗೆ ‘ಎಂಟರ್ ಸ್ಯಾಂಡ್‌ಮನ್’ ಮೊದಲು, ‘ಕಿಲ್ ದೆಮ್ ಆಲ್’ ಆಮೇಲೆ. ಹಿಂದಕ್ಕೆ ಹೋಗಿ ಹಳೆಯ ಆಲ್ಬಮ್ಮುಗಳನ್ನು ಗೆಳೆಯರಿಂದ ಪ್ರತಿ ಮಾಡಿಸಿಕೊಂಡು ಕೇಳುವ ಹೊತ್ತಿಗೆ ಬ್ಲ್ಯಾಕ್ ಆಲ್ಬಂ ಎಂದರೆ ಮೂಗು ಮುರಿಯುವುದನ್ನೂ ಜೊತೆಗೇ ಕಲಿತರು. ತಾವು ಕಳೆದುಕೊಳ್ಳದ ಕೆಲಸಕ್ಕೆ ಅವರು ಮುನಿಸಿಕೊಂಡಂತೆ ಕಾಣುತ್ತದೆ. ಆದರೆ ವಿಚಾರಿಸಿ ನೋಡಿದರೆ ಆ ಕೆಲಸವನ್ನು ಇಲ್ಲಿ ಅವರು ಹೊಸದಾಗಿ ಶುರು ಮಾಡಿದ್ದರು. ಅಂಗಡಿಗೆ ಬಾರದ ಬ್ಯಾಂಡುಗಳನ್ನು ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ದಾಟಿಸಿದ ತಲೆಮಾರಿನಿಂದಲೇ 1998ರಲ್ಲಿ ಬೆಂಗಳೂರಿನ ಕ್ರಿಪ್ಟೋಸ್‌ನಂಥ ಬ್ಯಾಂಡು ಎದ್ದು ಬಂತು. 2007ರಲ್ಲಿ ಬ್ರಿಟನ್ನಿನ ಮೆಟಲ್ ಬ್ಯಾಂಡು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, ಮತ್ತೆ 2011ರ ಅಕ್ಟೋಬರ್ 30ರಂದು ಮೆಟಾಲಿಕಾವೇ ಅದೇ ಮೈದಾನದಲ್ಲಿ ಭಾರತದ ತನ್ನ ಮೊದಲ ಕಛೇರಿ ಕೊಟ್ಟಾಗ, ಹತ್ತಾರು ಸಾವಿರ ಜನ ಮಳೆ ಕೆಸರು ಎನ್ನದೆ ಸೇರುವಷ್ಟು ನೆಲ ಹದವಾಗಿತ್ತು. ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ಆಗಬೇಕಿದ್ದ ಕಛೇರಿ ಗದ್ದಲದಲ್ಲಿ ನಿಂತುಹೋಗಿತ್ತು, ಬೆಂಗಳೂರಿನದು ಸುಸೂತ್ರವಾಗಿ ನಡೆಯಿತು.

ಸಂಗೀತವೇ ಕಾರಣ ಎನ್ನುವವರಿಗೆ ಕೊನೆಯದಾಗಿ 2022ರ ಒಂದು ಪ್ರಸಂಗವನ್ನು ತೋರಿಸಬಹುದು. ಆ ವರ್ಷದ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ನ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ನಾಲ್ಕನೆಯ ಸರಣಿಯ ಕೊನೆಯ ಕಂತಿನಲ್ಲಿ ಒಬ್ಬ ಹುಡುಗ ಮನೆಯ ಸೂರಿನ ಮೇಲೆ ನಿಂತು ‘ಮಾಸ್ಟರ್ ಆಫ್ ಪಪೆಟ್ಸ್’ ನುಡಿಸುತ್ತಾನೆ. 36 ವರ್ಷದ ಹಿಂದಿನ ಆ ಹಾಡು, ಎಂಟೂವರೆ ನಿಮಿಷದ್ದು, ಒಂದು ಸ್ವರವೂ ಬದಲಾಗದೆ, ಬಿಲ್‌ಬೋರ್ಡಿನ ನೂರು ಹಾಡುಗಳ ಪಟ್ಟಿಗೆ ಜೀವಮಾನದಲ್ಲೇ ಮೊದಲ ಸಲ ಹತ್ತಿತು. ಹದಿಹರೆಯದವರು ಗುಂಪುಗುಂಪಾಗಿ ಅದನ್ನು ಹುಡುಕಿಕೊಂಡು ಬಂದರು. ಹಳೆಯ ಅಭಿಮಾನಿಗಳಲ್ಲಿ ಒಂದಷ್ಟು ಮಂದಿ, ತಾವೇ ಶಿಖರ ಎಂದು ಕೊಂಡಾಡಿದ್ದ ಹಾಡಿನ ವಿಷಯದಲ್ಲಿ, ಟೀವಿ ನೋಡಿ ಬಂದ ಇವರಿಗೆ ಮೆಟಾಲಿಕಾ ಏನು ಗೊತ್ತು ಎಂದು ಮತ್ತೆ ಗೊಣಗಿದರು. ಟಿಕ್‌ಟಾಕ್‌ನಲ್ಲಿ ಬ್ಯಾಂಡೇ ಉತ್ತರ ಕೊಟ್ಟಿತು, ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಜಾಗವಿದೆ, ನಲವತ್ತು ವರ್ಷದಿಂದ ಇರುವವನಿಗೂ ನಲವತ್ತು ಗಂಟೆಯಿಂದ ಇರುವವನಿಗೂ ನಂಟು ಒಂದೇ ಎಂಬ ಅರ್ಥದಲ್ಲಿ. ಗೊಣಗಿದವರ ತಕರಾರು ಇದ್ದದ್ದೂ ಸರಿಯಾಗಿ ಆ ಲೆಕ್ಕದ ಮೇಲೆಯೇ.